ಆ ಕಡೆಗೆ ಐವತ್ತೊಂಬತ್ತು ದಿನ

ಆಗಸ್ಟ್ 14, ಗುರುವಾರ. ಆ ಕಡೆ: 36

ಗಡಿಯ ಆ ಕಡೆ ಹಳೆಯ ಕಾರ್ಖಾನೆ ಮುಚ್ಚಿದಾಗ ಖಾಲಿ ಹಾಜರಿ ಪುಸ್ತಕಗಳನ್ನು ತೂಕಕ್ಕೆ ಹಾಕುತ್ತಿದ್ದರು. ಒಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದಿದ್ದೆ. ಇಪ್ಪತ್ತೊಂಬತ್ತು ವರ್ಷ ಬಾಟಲಿ ಕಾರ್ಖಾನೆಯ ಗೇಟಿನಲ್ಲಿ ಕೂತು ಬೇರೆಯವರ ಹಾಜರಿ ಬರೆದವನು, ಇನ್ನು ನನ್ನದನ್ನೇ ಬರೆದುಕೊಳ್ಳೋಣ ಎಂದು. ಹೆಸರಿನ ಕಾಲಮ್ಮಿನಲ್ಲಿ ನಾನೊಬ್ಬನೇ. ಷರಾ ಕಾಲಮ್ಮು ಅಗಲವಾಗಿದೆ, ಬೇಕಾದಷ್ಟು ಗೀಚಬಹುದು.

ಇವತ್ತು ಅರ್ಧ ದಿನ ರಜೆ ಹಾಕಿ ನಾನೂ ಹೆಂಡತಿಯೂ ತೆರಿಗೆ ಸಲಹೆಯ ಮೇಡಂ ಹತ್ತಿರ ಹೋಗಿದ್ದೆವು. ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಇವಳು ಹತ್ತಲಾರದೆ ಕೆಳಗೆ ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕೂತಳು. ಮೇಡಂಗೆ ಎರಡು ಕನ್ನಡಕ, ಒಂದು ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ. ಕಾಗದದ ಮೇಲೆ ಎರಡು ಸೊನ್ನೆ ಬರೆದು ಚಿಕ್ಕ ಮಕ್ಕಳಿಗೆ ಹೇಳಿದ ಹಾಗೆ ಹೇಳಿದರು.

"ನೋಡಿ ಸರ್, ನಿಮ್ಮ ನಿವೃತ್ತಿ ನಿಧಿ ಆ ಕಡೆ ಇದೆ. ನೀವು ಈ ಕಡೆ ಇದ್ದೀರ. ಈ ವರ್ಷ ಆ ಕಡೆ ಅರವತ್ತು ದಿನ ತುಂಬಿತೋ, ನೀವು ಇನ್ನೂ ಅಲ್ಲಿಯವರೇ ಅಂತ ಲೆಕ್ಕ. ಮೂರರಲ್ಲೊಂದು ಪಾಲು ಅಲ್ಲಿನ ತೆರಿಗೆಗೆ ಹೋಗುತ್ತೆ. ಮಿಕ್ಕಿದ್ದಕ್ಕೆ ಇಲ್ಲಿಯವರು ಕೈ ಹಾಕ್ತಾರೆ. ಐವತ್ತೊಂಬತ್ತಕ್ಕೆ ನಿಂತರೆ ಇಡೀ ದುಡ್ಡು ನಿಮ್ಮದು."

ಇಡೀ ದುಡ್ಡು ಬರಲೇಬೇಕು. ಬರುವ ಮಾರ್ಚಿಗೆ ನನಗೆ ಐವತ್ತೆಂಟು ತುಂಬುತ್ತದೆ, ಕೆಲಸದ ವೀಸಾ ಅವತ್ತಿಗೆ ಮುಗಿಯುತ್ತದೆ. ಆಮೇಲೂ ಇಲ್ಲಿರಬೇಕಾದರೆ ಬ್ಯಾಂಕಿನಲ್ಲಿ ಠೇವಣಿ ತೋರಿಸಿ ದೀರ್ಘವಾಸದ ಪರವಾನಗಿ ಪಡೆಯಬೇಕು. ಆ ಠೇವಣಿಯೂ ನನ್ನ ನಿಧಿಯೂ ಹೆಚ್ಚುಕಡಿಮೆ ಸರಿಸಮ. ಒಂದು ಪಾಲು ಕೈಬಿಟ್ಟರೂ ಗಂಟುಮೂಟೆ ಕಟ್ಟಿ ಆ ಕಡೆಗೇ ಹೊರಡಬೇಕು. ಅಲ್ಲಿ ಡಯಾಲಿಸಿಸ್ ಯಂತ್ರಕ್ಕೆ ಎಂಟು ತಿಂಗಳ ಸರದಿ. ಇವಳ ಮೂತ್ರಪಿಂಡಗಳು ಎಂಟು ದಿನವೂ ಕಾಯುವುದಿಲ್ಲ. ಇಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಹಾಸಿಗೆ ಖಾಯಂ ಇದೆ, ಕಿಟಕಿಯ ಪಕ್ಕದ್ದೇ.

"ಇಲ್ಲಿವರೆಗೆ ಎಷ್ಟು ದಿನ ಆಗಿದೆ ಆ ಕಡೆ?" ಮೇಡಂ ಕೇಳಿದರು.

"ಮೂವತ್ತಾರು."

"ದಿನ ಎಣಿಸೋದು ಹೇಗೆ ಅಂತ..."

ನನಗೆ ನಗು ಬಂತು. "ಮೇಡಂ, ಸಾವಿರದ ಇನ್ನೂರು ಜನರ ದಿನ ಎಣಿಸಿದವನು ನಾನು. ಒಂದು ದಿನವೂ ಹೆಚ್ಚುಕಮ್ಮಿ ಆಗಿಲ್ಲ. ಅದೊಂದನ್ನ ನನಗೆ ಬಿಟ್ಟುಬಿಡಿ."

ಅವರೂ ನಕ್ಕು ಕಡತ ಮುಚ್ಚಿದರು. ಡಿಸೆಂಬರಿನಲ್ಲಿ ಪಾಸ್‌ಪೋರ್ಟ್ ತೆಗೆದುಕೊಂಡು ಬರಬೇಕಂತೆ. ಕೆಳಗಿಳಿದು ಬಂದರೆ ಇವಳು ನಿದ್ದೆ ಹೋಗಿದ್ದಳು. ಇನ್ನು ಇಪ್ಪತ್ಮೂರು ದಿನ ಕೈಯಲ್ಲಿವೆ. ಧಾರಾಳ ಸಾಕು.

ಆಗಸ್ಟ್ 24, ಭಾನುವಾರ. ಆ ಕಡೆ: 39

ಅಕ್ಕನ ಮನೆಯಿಂದ ಈಗ ಬಂದೆ. ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಆರು. ಅವತ್ತಿನಿಂದ ತಲೆ ಬಾಚುವ ಅಮ್ಮನೂ ಅವಳೇ, ಕಿವಿ ಹಿಂಡುವ ಅಪ್ಪನೂ ಅವಳೇ. ಮದುವೆಯ ಮಾತು ಬಂದಾಗಲೆಲ್ಲ "ನನಗಾಗಲೇ ಒಂದು ಮಗು ಇದೆ, ಅದೂ ಹಟಮಾರಿ" ಎಂದು ನನ್ನ ಕಡೆ ಬೆರಳು ತೋರಿಸುತ್ತಿದ್ದಳು.

ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುವ ಕೆಲಸ ಮಾಡಿದವಳು. ಎಕ್ಸ್‌ಚೇಂಜ್ ಮುಚ್ಚಿ ಎಷ್ಟೋ ಕಾಲವಾದರೂ ನಾಲಿಗೆಯಿಂದ ಆ ಕೆಲಸ ಇಳಿದಿಲ್ಲ. ಪ್ರತಿ ಭಾನುವಾರ ಫೋನ್ ಮಾಡಿದಾಗ ಮೂರು ನಿಮಿಷಕ್ಕೆ ಸರಿಯಾಗಿ ಸ್ವರ ಬದಲಿಸಿ, "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎನ್ನುತ್ತಾಳೆ. "ಸಾಕು, ಕಟ್ ಮಾಡಿ ಮೇಡಂ" ಎಂದು ನಾನು. ಆಮೇಲೆ ಇನ್ನರ್ಧ ಗಂಟೆ ಮಾತಾಡುತ್ತೇವೆ.

ಶುಕ್ರವಾರ ಗಡಿ ದಾಟುವಾಗ ರಾತ್ರಿ ಒಂಬತ್ತು. ಮೂರೇ ಗಂಟೆ ಉಳಿದಿದ್ದ ದಿನ. ಆದರೂ ಅದು ಒಂದು ದಿನವೇ. ಗೇಟಿನೊಳಗೆ ಕಾಲಿಟ್ಟರೆ ಹಾಜರಿ. ಒಂದು ಗಂಟೆ ದುಡಿದರೂ ದಿನದ ಕೂಲಿ. ನಲವತ್ತೊಂದು ದಿನ ಮುಷ್ಕರ ಮಾಡಿ ಕೆಲಸಗಾರರು ಗಳಿಸಿದ ನಿಯಮ ಅದು. ಎಷ್ಟು ಮ್ಯಾನೇಜರುಗಳು ಬಂದು ಕಣ್ಣು ಕೆಂಪಗೆ ಮಾಡಿದರೂ ನಾನು ಯಾರಿಗೂ ಅರ್ಧ ದಿನ ಹಾಕಿದವನಲ್ಲ. ಈಗ ನನ್ನದೇ ಹಾಜರಿಯಲ್ಲಿ ಕಳ್ಳಾಟ ಆಡಲೇ? ಶುಕ್ರವಾರ, ಶನಿವಾರ, ಭಾನುವಾರ. ಮೂರು.

ಗಡಿಯ ಕಿಟಕಿಯ ಮೀಸೆಯವನಿಗೆ ನನ್ನ ಗುರುತು ಹತ್ತಿದೆ. ಕೆಲಸದ ವೀಸಾದವರು ಹೊರಗೆ ಎಷ್ಟು ದಿನ ಇರುತ್ತಾರೆಂದು ಅವನು ಚೀಟಿಯಲ್ಲಿ ಬರೆಯಬೇಕು. "ಎಷ್ಟು ದಿನ?" ಎಂದು ಕೇಳುವುದರೊಳಗೆ "ಮೂರು" ಎನ್ನುತ್ತೇನೆ. "ಅಕ್ಕನ್ನ ನೋಡೋಕೆ ಅಷ್ಟು ಸಾಕಾ?" ಎಂದು ನಗುತ್ತಾನೆ.

ಸೆಪ್ಟೆಂಬರ್ 9, ಮಂಗಳವಾರ. ಆ ಕಡೆ: 45

ಆ ಕಡೆಯ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೋದ ಬುಧವಾರ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದಿದೆ. ಮೇಲ್ಮನೆಯ ಟೈಲರಮ್ಮ ಫೋನ್ ಮಾಡಿದ್ದಳು. ಗುರುವಾರ ಮೊದಲ ಬಸ್ಸಿಗೇ ಬಂದೆ. ಶಸ್ತ್ರಚಿಕಿತ್ಸೆ ಆಗಿದೆ. ಕಬ್ಬಿಣದ ಸರಳು ಹಾಕಿದ್ದಾರಂತೆ. "ಇನ್ನು ನನ್ನನ್ನೂ ತೂಕಕ್ಕೆ ಹಾಕಬಹುದು, ಒಳ್ಳೆ ರೇಟು ಸಿಗುತ್ತೆ" ಎಂದಳು.

ನಾಳೆ ಹೊರಡಬೇಕು. ಇವಳು ಶುಕ್ರವಾರವೂ ನಿನ್ನೆಯೂ ಒಬ್ಬಳೇ ಬಸ್ಸು ಹಿಡಿದು ಡಯಾಲಿಸಿಸ್‌ಗೆ ಹೋಗಿ ಬಂದಿದ್ದಾಳೆ. ಬರುವಾಗ ಎರಡು ಸಲ ರಸ್ತೆ ಬದಿಯಲ್ಲಿ ಕೂತಳಂತೆ. ಅದನ್ನೂ ತಮಾಷೆಯ ಹಾಗೆ ಹೇಳಿದಳು.

"ಎಷ್ಟು ದಿನ ಇರ್ತೀಯ?" ಸಂಜೆ ಅಕ್ಕ ಕೇಳಿದಳು.

"ನಾಳೆ ಹೊರಡ್ತೀನಿ ಅಕ್ಕ."

"ನಾಳೇನಾ? ನೀನು ಇವತ್ತು ತಾನೇ ಬಂದ ಹಾಗಿದೆ."

"ಆರು ದಿನ ಆಯ್ತು" ಎಂದು ತಿದ್ದಿದೆ. ತಿದ್ದುವ ಅಗತ್ಯವಿರಲಿಲ್ಲ. ಅವಳು ಸುಮ್ಮನೆ ನನ್ನ ಅಂಗಿಯ ತುದಿ ಹಿಡಿದು, ಗುಂಡಿ ಸಡಿಲವಾಗಿದೆ, ಟೈಲರಮ್ಮನ ಹತ್ತಿರ ಹಾಕಿಸಿಕೊ ಎಂದಳು.

ಸೆಪ್ಟೆಂಬರ್ 17, ಬುಧವಾರ. ಆ ಕಡೆ: 46

ಅಕ್ಕನನ್ನು ಇಲ್ಲಿಗೇ ಕರೆಸಿಕೊಳ್ಳಬಹುದೇ ಎಂದು ತೆರಿಗೆ ಮೇಡಂಗೆ ಫೋನ್ ಮಾಡಿದೆ. ವೀಸಾ ಅರ್ಜಿಯನ್ನೂ ಅವರೇ ತುಂಬಿಕೊಡುತ್ತಾರೆ.

"ಹೆಂಡತಿ, ಮಕ್ಕಳು, ತಂದೆ, ತಾಯಿ. ಅಷ್ಟೇ ಸರ್. ಅಕ್ಕ ಅನ್ನೋ ಖಾನೆನೇ ಇಲ್ಲ."

"ಸಾಕಿದವರು ಅಂತ ಏನಾದ್ರೂ ಇದೆಯಾ?"

ಅವರು ನಿಜವಾಗಿಯೂ ಹಾಳೆ ತಿರುಗಿಸಿ ನೋಡಿದರು. ಸದ್ದು ಕೇಳಿಸಿತು. "ಇಲ್ಲ ಸರ್, ಅದೂ ಇಲ್ಲ."

ಈ ಕಡೆಯ ಹೊಸ ಕಾರ್ಖಾನೆಯ ಗೇಟಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರ ಇದೆ. ನನ್ನ ಕೆಲಸ ಅದರ ಪಕ್ಕ ಕುಳಿತು, ಅದು ಗುರುತು ಹಿಡಿಯದವರನ್ನು ನಾನು ಗುರುತು ಹಿಡಿಯುವುದು. ಇವತ್ತು ಬೆಳಿಗ್ಗೆ ಅದಕ್ಕೆ ನನ್ನ ಮುಖವೇ ಸಿಗಲಿಲ್ಲ. ಮೂರು ಸಲ ನಿಂತೆ. "ಕನ್ನಡಕ ತೆಗೀರಿ" ಎಂದಿತು. ನಾನು ಕನ್ನಡಕ ಹಾಕಿಯೇ ಇರಲಿಲ್ಲ.

ಅಕ್ಟೋಬರ್ 12, ಭಾನುವಾರ. ಆ ಕಡೆ: 52

ಎರಡು ವಾರ ಹೋದೆ, ಬಂದೆ. ಅಕ್ಕ ಮನೆಗೆ ಬಂದಿದ್ದಾಳೆ, ಹಾಸಿಗೆ ಬಿಟ್ಟು ಏಳುವುದಿಲ್ಲ. ಟೈಲರಮ್ಮ ಹಗಲು ಹೊಲಿಗೆ ಯಂತ್ರವನ್ನು ಕೆಳಗಿಳಿಸಿ ಅಕ್ಕನ ಕೋಣೆಯಲ್ಲೇ ಹೊಲಿಯುತ್ತಾಳೆ. ಸಂಬಳದ ಹೆಣ್ಣಾಳೊಬ್ಬಳನ್ನು ರಾತ್ರಿಗೆ ಇಟ್ಟಿದ್ದೇನೆ.

ಬಾಕಿ ಏಳು ದಿನ. ಇನ್ನೂ ಎರಡೂವರೆ ತಿಂಗಳು ಇದೆ.

ಅಕ್ಟೋಬರ್ 26, ಭಾನುವಾರ. ಆ ಕಡೆ: 55

ಅಕ್ಕನ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರು ವೈದ್ಯರು. ಮಲಗಿಯೇ ಇದ್ದರೆ ಹೀಗಾಗುತ್ತದಂತೆ. ಎಷ್ಟು ದಿನ ಎಂದು ಕೇಳಿದೆ. "ಅದನ್ನ ಹಾಗೆಲ್ಲ ಎಣಿಸೋಕಾಗಲ್ಲ" ಎಂದರು. ಸಿಟ್ಟು ಬಂತು. ಅಂದಾಜಾದರೂ ಹೇಳಬೇಕಲ್ಲ, ನಾನು ಅದಕ್ಕೆ ತಕ್ಕಂತೆ ಬರಬೇಕು.

ಅಕ್ಕ ಪೂರ್ತಿ ಇಳಿದುಹೋಗಿದ್ದಾಳೆ. ಅವಳ ಕೈಬಳೆ ಮೊಳಕೈವರೆಗೆ ಜಾರುತ್ತದೆ. ಶನಿವಾರ ನಾನು ತಲೆ ಬಾಚಿದೆ. ಜೀವಮಾನದಲ್ಲಿ ಮೊದಲ ಸಲ. "ಬೈತಲೆ ಸೊಟ್ಟ" ಎಂದಳು, ಕನ್ನಡಿ ನೋಡದೆಯೇ. ಆಮೇಲೆ ಮೆಲ್ಲಗೆ, "ಮುಂದಿನ ಸಲ ಸರಿಯಾಗಿ ಬಾಚ್ತೀಯ ಬಿಡು. ಯಾವಾಗ ಬರ್ತೀಯ?"

"ದಿನ ಸಾಲ್ತಾ ಇಲ್ಲ ಅಕ್ಕ" ಎಂದೆ. ಇಡೀ ನಿಯಮ ವಿವರಿಸಿ ಹೇಳಿದೆ. ಅವಳು ಕೇಳಿಸಿಕೊಂಡು, "ಎಕ್ಸ್‌ಚೇಂಜಲ್ಲೂ ಹಾಗೇ, ಲೈನು ಸಿಕ್ಕಿದಾಗ ದುಡ್ಡು ಮುಗಿದಿರ್ತಿತ್ತು" ಎಂದಳು. ಬೇಜಾರೇನೂ ಮಾಡಿಕೊಂಡ ಹಾಗೆ ಕಾಣಲಿಲ್ಲ.

ಬಾಕಿ ನಾಲ್ಕು.

ನವೆಂಬರ್ 8, ಶನಿವಾರ. ಆ ಕಡೆ: 56

ಒಂದು ಉಪಾಯ ಹೊಳೆಯಿತು. ಬೆಳಗಿನ ಐದರ ಬಸ್ಸಿಗೆ ಹೋಗಿ ಮಧ್ಯಾಹ್ನ ಮೂರರ ಬಸ್ಸಿಗೆ ಹಿಂತಿರುಗಿದರೆ ಒಂದೇ ದಿನ ಖರ್ಚು. ಹಾಗೇ ಮಾಡಿದೆ. ಹೋಗಿ ಬರಲು ಹತ್ತು ಗಂಟೆ, ಅಕ್ಕನ ಹತ್ತಿರ ಐದು ಗಂಟೆ.

ಆ ಐದು ಗಂಟೆಯಲ್ಲಿ ನಾಲ್ಕು ಗಂಟೆ ಅವಳು ನಿದ್ದೆಯಲ್ಲಿದ್ದಳು. ಎಬ್ಬಿಸಲೇ ಎಂದು ಎರಡು ಸಲ ಕೈಯೆತ್ತಿದೆ. ಟೈಲರಮ್ಮ ಯಂತ್ರ ನಿಲ್ಲಿಸಿ, "ಮಲಗಲಿ ಬಿಡಿ. ರಾತ್ರಿಯೆಲ್ಲ ಕೆಮ್ಮಿದ್ದಾರೆ. ನೀವು ನಾಳೆ ಮಾತಾಡಿದ್ರಾಯ್ತು" ಎಂದಳು. ನಾಳೆ ಇರುವುದಿಲ್ಲ ಎಂದೆ. ಅವಳು ನನ್ನ ಮುಖ ನೋಡಿ, ಮತ್ತೆ ಯಂತ್ರ ತುಳಿಯಲು ಶುರು ಮಾಡಿದಳು.

ಹೊರಡುವ ಹೊತ್ತಿಗೆ ಎಚ್ಚರವಾಯಿತು. "ಬಂದ್ಯಾ" ಎಂದಳು. ನಾನು ಆಗಲೇ ಚಪ್ಪಲಿ ಮೆಟ್ಟಿದ್ದೆ.

ಬಾಕಿ ಮೂರು. ಈ ಮೂರನ್ನು ಮುಟ್ಟುವಂತಿಲ್ಲ.

ನವೆಂಬರ್ 19, ಬುಧವಾರ. ಆ ಕಡೆ: 56

ಇವತ್ತು ಡಯಾಲಿಸಿಸ್ ಮುಗಿಯುವವರೆಗೂ ಇವಳ ಪಕ್ಕದಲ್ಲೇ ಕುಳಿತಿದ್ದೆ. ಕೊಳವೆಯಲ್ಲಿ ರಕ್ತ ಹೋಗುತ್ತ ಬರುತ್ತ ಇತ್ತು. ಇವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ರೀ, ಆ ಮೂರು ದಿನ ಯಾವುದಕ್ಕೆ ಇಟ್ಕೊಂಡಿದ್ದೀರ?"

"ಅವಸರಕ್ಕೆ."

"ಯಾವ ಅವಸರಕ್ಕೆ? ಬಾಯಿಬಿಟ್ಟು ಹೇಳಿ."

ಪಕ್ಕದ ಹಾಸಿಗೆಯವರು ಪತ್ರಿಕೆ ಮಡಚಿ ಕಿವಿಗೊಟ್ಟರು.

"ಅವರು ಜೀವಂತ ಇರೋವಾಗ ಮೂರು ದಿನ ಇಲ್ಲ, ಆಮೇಲೆ ಮೂರು ದಿನ ಇದೆ. ಅದು ತಾನೇ ನಿಮ್ಮ ಲೆಕ್ಕ?" ಧ್ವನಿ ಏರಿಸಲಿಲ್ಲ, ಏರಿಸಿದರೆ ಯಂತ್ರ ಕೂಗುತ್ತದೆ. "ನನ್ನ ಹೆಸರಲ್ಲಿ ಅವರನ್ನ ಬಿಡಬೇಡಿ. ನಾಳೆ ನಾನು ಬದುಕಿ ಕೂತಿರೋವಾಗ ಆ ಲೆಕ್ಕ ನನ್ನ ತಲೆ ಮೇಲೆ ಬರುತ್ತೆ."

ಮೈಯೆಲ್ಲ ಉರಿದುಹೋಯಿತು. ನಾನು ಯಾರಿಗಾಗಿ ಇಷ್ಟು ಒದ್ದಾಡುತ್ತಿದ್ದೇನೆ? ನನಗೇನು ಅಕ್ಕನ ಮೇಲೆ ಪ್ರೀತಿ ಇಲ್ಲವೇ? ಇವಳಿಗೆ ಇದು ಅರ್ಥವಾಗುವುದಿಲ್ಲ. ಎರಡು ದಿನ ಹೋಗಿ ಬಂದೆ ಅಂತಿಟ್ಟುಕೊಳ್ಳೋಣ, ಉಳಿಯುವುದು ಒಂದು. ಒಂದು ದಿನದಲ್ಲಿ ಕೊನೆಯ ಕೆಲಸ ಮುಗಿಯುವುದಿಲ್ಲ. ಆಸ್ಪತ್ರೆ, ಪುರಸಭೆ, ಸ್ಮಶಾನ ಎಂದರೆ ಕನಿಷ್ಠ ಮೂರು ಬೇಕು. ಬೇಕಿದ್ದರೆ ಯಾರಾದರೂ ಕೂಡಿಸಿ ನೋಡಲಿ.

ನವೆಂಬರ್ 23, ಭಾನುವಾರ. ಆ ಕಡೆ: 56

ಅಕ್ಕ ಇವತ್ತು ಫೋನಿನಲ್ಲಿ ಮಾತಾಡಿದಳು. ಟೈಲರಮ್ಮ ಕಿವಿಗೆ ಹಿಡಿದಿದ್ದಳು. ಉಸಿರೇ ಹೆಚ್ಚು, ಮಾತು ಕಡಿಮೆ. ನಾನೇ ಮಾತಾಡಿದೆ. ಹವೆ, ಬಸ್ಸು, ಮುಖ ಗುರುತಿಸದ ಯಂತ್ರ. ಅವಳು ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ.

ಆಮೇಲೆ, "ಮೂರು ನಿಮಿಷ ಆಯ್ತು. ಮುಂದುವರಿಸ್ತೀರಾ?"

"ಸಾಕು, ಕಟ್ ಮಾಡಿ ಮೇಡಂ" ಎಂದೆ. ಬಾಯಿಪಾಠ.

ಅವಳು ನಿಜವಾಗಿಯೂ ಕಟ್ ಮಾಡಿದಳು. ಮತ್ತೆ ಮಾಡಿದರೆ ಟೈಲರಮ್ಮ ಎತ್ತಿ, ಅಕ್ಕ ಸುಸ್ತಾಗಿ ಮಲಗಿದ್ದಾರೆ ಎಂದಳು.

ನವೆಂಬರ್ 27, ಗುರುವಾರ. ಆ ಕಡೆ: 56

ಮಧ್ಯಾಹ್ನ ಗೇಟಿನಲ್ಲಿದ್ದಾಗ ಟೈಲರಮ್ಮನ ಫೋನ್. "ಬಂದುಬಿಡಿ. ಬಾಗಿಲ ಕಡೆನೇ ನೋಡ್ತಾ ಇದಾರೆ. ಯಾರಾದ್ರೂ ಮೆಟ್ಟಿಲು ಹತ್ತಿದ್ರೆ, ಗುಮಾಸ್ತ್ರು ಬಂದ್ರಾ ಅಂತಾರೆ." ಅಕ್ಕ ನನ್ನನ್ನು ಹಾಗೆ ಕರೆಯುವುದು ಖುಷಿಯಲ್ಲಿದ್ದಾಗ ಮಾತ್ರ.

ಇವತ್ತೇ ಹೊರಟರೆ ಗುರುವಾರ, ಶುಕ್ರವಾರ, ಶನಿವಾರ. ಅಲ್ಲಿಗೆ ಮುಗಿಯಿತು. ಭಾನುವಾರ ಏನಾದರೂ ಆದರೆ ನಾನು ಈ ಕಡೆ, ಕೈ ಬರಿದು. ನಾಳೆ ಹೊರಟರೆ ಭಾನುವಾರದವರೆಗೆ. ಶನಿವಾರ ಹೊರಟರೆ ಸೋಮವಾರದವರೆಗೆ. ಶನಿವಾರ ಎನ್ನುವುದು ಸರಿಯಾದ ಲೆಕ್ಕ.

"ಶನಿವಾರ ಬರ್ತೀನಿ ಅಂತ ಹೇಳಿ" ಎಂದೆ.

"ಹೇಳ್ತೀನಿ" ಎಂದಳು. ಅವಳ ಹಿಂದೆ ಹೊಲಿಗೆ ಯಂತ್ರದ ಸದ್ದು ಇರಲಿಲ್ಲ.

ನವೆಂಬರ್ 29, ಶನಿವಾರ. ಆ ಕಡೆ: 57

ಬೆಳಿಗ್ಗೆ ಬಸ್ಸು ಸೇತುವೆಯ ಮೇಲಿದ್ದಾಗ ಫೋನ್ ಬಂತು. ಎತ್ತಲಿಲ್ಲ. ಗಡಿಯ ಸಾಲಿನಲ್ಲಿ ನಿಂತಾಗ ಇನ್ನೊಮ್ಮೆ ಬಂತು. ಆಗಲೂ ಎತ್ತಲಿಲ್ಲ. ಮೀಸೆಯವನು "ಮೂರಾ?" ಎಂದ, ಮೂರು ಎಂದೆ.

ಮನೆಯ ಮುಂದೆ ಟೈಲರಮ್ಮ ನಿಂತಿದ್ದಳು. ಅವಳ ಕೈ ಎರಡೂ ಖಾಲಿಯಾಗಿ ಜೋತುಬಿದ್ದಿದ್ದವು.

ಡಿಸೆಂಬರ್ 1, ಸೋಮವಾರ. ಆ ಕಡೆ: 59

ಎಲ್ಲ ಆಯಿತು. ಮೂರು ದಿನದ ಲೆಕ್ಕ ಸರಿಯಾಗಿಯೇ ಇತ್ತು. ಶನಿವಾರ ಆಸ್ಪತ್ರೆಯ ಕಾಗದ, ಭಾನುವಾರ ಸ್ಮಶಾನ, ಇವತ್ತು ಪುರಸಭೆ. ಪುರಸಭೆಯ ಗುಮಾಸ್ತ "ಸಂಬಂಧ?" ಎಂದ. ತಮ್ಮ ಎಂದೆ. "ಮಕ್ಕಳು?" ಎಂದ. ಒಂದು ಎಂದು ಬಾಯಿಗೆ ಬಂತು. ಇಲ್ಲ ಎಂದೆ.

ಮನೆ ಖಾಲಿ ಮಾಡಲು ಹೊತ್ತು ಸಾಲಲಿಲ್ಲ. ಕಪಾಟು ತೆರೆದು ಹಾಗೇ ಮುಚ್ಚಿದೆ. ಬಾಡಿಗೆ ತಿಂಗಳ ಕೊನೆಯವರೆಗೆ ಕೊಟ್ಟಾಗಿದೆ. ಬೀಗದ ಕೈ ನನ್ನ ಜೇಬಿನಲ್ಲೇ ಬಂದುಬಿಟ್ಟಿದೆ.

ಬಾಗಿಲು ಹಾಕುವಾಗ ಟೈಲರಮ್ಮ, "ಶುಕ್ರವಾರ ರಾತ್ರಿ ನಾನು ಸುಳ್ಳು ಹೇಳ್ದೆ, ಕ್ಷಮಿಸಿ" ಎಂದಳು. "ನೀವು ಹೊರಟಾಗಿದೆ, ಬಸ್ಸಲ್ಲಿದ್ದೀರ ಅಂತ ಹೇಳ್ದೆ. ಹಾಗಾದ್ರೆ ಬೈತಲೆ ನೆಟ್ಟಗೆ ತೆಗಿ, ಅವನು ಬಂದು ನೋಡ್ಲಿ ಅಂದ್ರು. ತೆಗೆದೆ."

ಬಸ್ಸಿಗೆ ತಡವಾಗುತ್ತಿತ್ತು. ಇವತ್ತು ದಾಟದಿದ್ದರೆ ಅರವತ್ತು. ಓಡಿದೆ. ದೇವರಾಣೆಗೂ ಓಡಿದೆ, ಐವತ್ತೇಳು ವರ್ಷದವನು, ಬೀದಿಯಲ್ಲಿ, ಅಕ್ಕ ಹೋದ ಮೂರನೇ ದಿನ.

ಡಿಸೆಂಬರ್ 4, ಗುರುವಾರ. ಆ ಕಡೆ: 59

ಐವತ್ತೊಂಬತ್ತು. ಗೆದ್ದ ಹಾಗೆ.

ಡಿಸೆಂಬರ್ 9, ಮಂಗಳವಾರ. ಆ ಕಡೆ: 40

ತೆರಿಗೆ ಮೇಡಂ ಹತ್ತಿರ ಹೋದೆವು. ಲಿಫ್ಟ್ ಸರಿಯಾಗಿದೆ, ಇವಳೂ ಮೇಲೆ ಬಂದಳು. ಮೇಡಂ ಪಾಸ್‌ಪೋರ್ಟಿನ ಮುದ್ರೆಗಳನ್ನು ಒಂದೊಂದಾಗಿ ನೋಡಿ ಪೆನ್ಸಿಲಿನಲ್ಲಿ ಬರೆಯುತ್ತ ಹೋದರು. ನಾನು ಹಾಜರಿ ಪುಸ್ತಕ ಮುಂದೆ ಇಟ್ಟಿದ್ದೆ, ತಾಳೆ ನೋಡಲಿ ಎಂದು.

"ನಲವತ್ತು" ಎಂದರು.

"ಐವತ್ತೊಂಬತ್ತು ಮೇಡಂ."

ಇನ್ನೊಮ್ಮೆ ಎಣಿಸಿದರು. ಆಮೇಲೆ ನನ್ನ ಪುಸ್ತಕ ಎಳೆದುಕೊಂಡು ನೋಡಿದರು. ಮುಖ ಅರಳಿತು. "ಓ, ನೀವು ಹೋದ ದಿನ, ಬಂದ ದಿನ ಎರಡನ್ನೂ ಸೇರಿಸಿದ್ದೀರ! ಹಾಗಲ್ಲ ಸರ್. ನಡುರಾತ್ರಿ ಹನ್ನೆರಡಕ್ಕೆ ಯಾವ ಕಡೆ ಇದ್ರಿ ಅನ್ನೋದಷ್ಟೇ ಲೆಕ್ಕ. ಶುಕ್ರವಾರ ಹೋಗಿ ಭಾನುವಾರ ಬಂದ್ರೆ ಎರಡೇ ದಿನ. ಈ ನವೆಂಬರ್ ಎಂಟು ನೋಡಿ, ಬೆಳಿಗ್ಗೆ ಹೋಗಿ ರಾತ್ರಿ ಬಂದಿದ್ದೀರ. ಇದು ಲೆಕ್ಕಕ್ಕೇ ಇಲ್ಲ. ದಿನಾ ಹಾಗೆ ಹೋಗಿ ಬಂದಿದ್ರೂ ಸೊನ್ನೆನೇ."

ನಾನು ಏನೋ ಕೇಳಿದೆ. ಏನು ಕೇಳಿದೆ ಎಂದು ನೆನಪಿಲ್ಲ.

"ಚಿಂತೆನೇ ಬೇಡ. ನಿಧಿ ಪೂರ್ತಿ ಬರುತ್ತೆ, ಪರವಾನಗಿನೂ ಆಗುತ್ತೆ. ಇನ್ನೂ ಹತ್ತೊಂಬತ್ತು ದಿನ ನಿಮ್ಮ ಕೈಯಲ್ಲಿದೆ. ಆರಾಮಾಗಿ ಹೋಗಿ ಬನ್ನಿ" ಎಂದರು. ಅವರ ತಪ್ಪಿಲ್ಲ, ಅಕ್ಕ ಹೋದದ್ದು ಅವರಿಗೆ ಗೊತ್ತಿರಲಿಲ್ಲ. ದಿನ ಎಣಿಸುವುದು ಹೇಗೆಂದು ಅವತ್ತು ಹೇಳಲು ಬಂದಿದ್ದರು, ನಾನು ಬಾಯಿ ಮುಚ್ಚಿಸಿದ್ದೆ.

ಇವಳು ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು. ಸೂಜಿ ಚುಚ್ಚಿ ಗಂಟುಗಟ್ಟಿದ ಕೈ. ಬೈಯಲಿಲ್ಲ. ಒಂದು ಸಲ ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಪುಸ್ತಕ ತೆಗೆದು ಎಲ್ಲ ಸರಿಮಾಡಲು ಕುಳಿತೆ. ಗೇಟಿನೊಳಗೆ ಕಾಲಿಟ್ಟರೆ ಹಾಜರಿ. ಇಪ್ಪತ್ತೊಂಬತ್ತು ವರ್ಷ ಎಲ್ಲರಿಗೂ ಒಳ್ಳೆಯದನ್ನೇ ಮಾಡಿದ ನಿಯಮ. ಗುರುವಾರ ಹೊರಟಿದ್ದರೆ ಅವಳು ಬಾಗಿಲ ಕಡೆ ನೋಡಿದಾಗ ನಾನು ಇರುತ್ತಿದ್ದೆ. ಬುಧವಾರ ಹೊರಟಿದ್ದರೂ ಆಗುತ್ತಿತ್ತು. ನವೆಂಬರಿನ ಅರ್ಧದಷ್ಟು ದಿನ ಅಲ್ಲೇ ಇರಬಹುದಿತ್ತು. ಬಾಚಣಿಗೆ ಹಿಡಿದು, ಸೊಟ್ಟಗೋ ನೆಟ್ಟಗೋ, ದಿನಾ ಬಾಚಬಹುದಿತ್ತು. ಅಕ್ಕಾ, ನಾನು ದಡ್ಡ ಅಲ್ಲ. ದಡ್ಡನಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದೆ.

ಡಿಸೆಂಬರ್ 12, ಶುಕ್ರವಾರ

ಅಕ್ಕನ ಮನೆಯ ಬೀಗದ ಕೈ ಒಪ್ಪಿಸಬೇಕು, ಸಾಮಾನು ತೆಗೆಯಬೇಕು. ಡಯಾಲಿಸಿಸ್ ಮುಗಿದ ಮೇಲೆ ಇವಳೇ ಚೀಲ ತುಂಬಿಕೊಟ್ಟಳು. ನಾಲ್ಕು ಅಂಗಿ ಇಟ್ಟಿದ್ದಾಳೆ. ಎಷ್ಟು ದಿನ ಎಂದು ಕೇಳಲಿಲ್ಲ. "ಗುಂಡಿ ಸಡಿಲವಾಗಿದೆ, ಅಲ್ಲಿ ಟೈಲರಮ್ಮನ ಹತ್ತಿರ ಹಾಕಿಸ್ಕೊಳ್ಳಿ" ಎಂದಳು.

ಗಡಿಯಲ್ಲಿ ಜನ ಇರಲಿಲ್ಲ. ಮೀಸೆಯವನು ಚೀಟಿ ತೆಗೆದು, ಕೇಳದೆಯೇ ಮೂರು ಎಂದು ಬರೆಯಲು ಹೊರಟ.

"ಮೂರಲ್ಲ" ಎಂದೆ. "ಹತ್ತೊಂಬತ್ತು."

ತಲೆಯೆತ್ತಿದ. "ಅಬ್ಬಾ! ರಜೆ ಸಿಕ್ತಾ?"

"ದಿನ ಉಳಿದಿತ್ತು."

"ಒಳ್ಳೇದಾಯ್ತು ಬಿಡಿ. ಪ್ರತಿ ಸಲ ಮೂರು ಮೂರು ಅಂತ ಓಡ್ತಿದ್ರಿ. ಅಕ್ಕನಿಗೂ ಖುಷಿಯಾಗುತ್ತೆ."

"ಹೌದು" ಎಂದೆ.

ಅವನು ಮುದ್ರೆ ಒತ್ತಿ, ಪಾಸ್‌ಪೋರ್ಟ್ ಕೊಟ್ಟು, ಹೋಗಿಬನ್ನಿ ಎಂದ. ಬಸ್ಸು ಇನ್ನೂ ಬಂದಿಲ್ಲ. ಬೆಂಚಿನ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ.